ಮೂರನೇ ಕ್ಲಾಸಿನಲ್ಲೇ ಕಾಣುವುದಕ್ಕೆ ಹತ್ತರವರೆಗೆ ಯಾಕೆ ಕಾಯಬೇಕು?

ಸಂಪಾದಕರಿಗೆ ನಮಸ್ಕಾರ.

ನಾನು ತಿಪಟೂರು ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಒಂದರಿಂದ ಮೂರನೇ ಕ್ಲಾಸಿನವರೆಗಿನ ನಲಿ-ಕಲಿ ತರಗತಿಗಳನ್ನೇ ಜಾಸ್ತಿ ನೋಡಿಕೊಂಡಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು ಅಂದರೆ ಹಳೆಯ ವಿದ್ಯಾರ್ಥಿಗಳ ಅಪ್ಪ ಅಮ್ಮ ಯಾರಾದರೂ ಹುಡುಕಿಕೊಂಡು ಬರುತ್ತಾರೆ. "ಮಿಸ್, ಇವನಿಗೆ ಕಲಿಕಾ ನ್ಯೂನತೆ ಇದೆಯಂತೆ, ಸರ್ಟಿಫಿಕೇಟ್ ಇದ್ರೆ ಬರೆಯೋಕೆ ಬೇರೆಯವರನ್ನ ಕೊಡ್ತಾರಂತೆ, ಎಲ್ಲಿಗೆ ಹೋಗ್ಬೇಕು?" ಅಂತ ಕೇಳುತ್ತಾರೆ. ಕಲಿಕಾ ನ್ಯೂನತೆ ಅಂದರೆ ಬುದ್ಧಿ ಚುರುಕಿದ್ದರೂ ಓದು, ಬರಹ ಅಥವಾ ಲೆಕ್ಕ ಕೈಗೆ ಹತ್ತದೆ ಇರುವುದು. ನನಗೆ ಸಂಕಟವಾಗುತ್ತದೆ. ಆ ಮಗುವಿನ ಕಷ್ಟ ಮೂರನೇ ಕ್ಲಾಸಿನಲ್ಲೇ ನಮ್ಮ ಕಣ್ಣೆದುರಿಗಿತ್ತು ಅಲ್ವಾ?

ನಲಿ-ಕಲಿಯಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ಅದನ್ನು ನಾವು ಪ್ರಗತಿ ನೋಟದಲ್ಲಿ ಗುರುತು ಹಾಕುತ್ತೇವೆ. ನನ್ನ ಹುಡುಗನೊಬ್ಬ ಒತ್ತಕ್ಷರದ ಮೆಟ್ಟಿಲಲ್ಲೇ ತಿಂಗಳುಗಟ್ಟಲೆ ನಿಂತಿದ್ದ. 'ಅಕ್ಕ' ಅವನಿಗೆ 'ಅಕ'. 'ಸೂರ್ಯ' ಬರಿ ಅಂದರೆ ಅರ್ಕಾವತ್ತು ಎಲ್ಲಿಡಬೇಕೆಂದು ಗೊತ್ತಾಗದೆ ಪೆನ್ಸಿಲ್ ಹಿಡಿದು ಸುಮ್ನೆ ಕೂರುತ್ತಿದ್ದ. ಅದೇ ಹುಡುಗ ಕಥೆಯನ್ನು ಒಂದು ಸಲ ಕೇಳಿದರೆ ಸಾಕು, ಹುಲಿಯ ದನಿ, ಅಜ್ಜಿಯ ದನಿ ಸಮೇತ ತಿರುಗಿ ಹೇಳುತ್ತಿದ್ದ, ಸಂತೆ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದ. ನಾನು ಮಾಡಿದ್ದೇನು? ಅದೇ ಪದವನ್ನು ಹತ್ತು ಸಲ ಬರೆಸಿದೆ. ಆಗ ನನಗೆ ಇದರ ಬಗ್ಗೆ ತಿಳಿದಿರಲಿಲ್ಲ, ಆದರೂ ಇವತ್ತಿಗೂ ಚುಚ್ಚುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿರುವ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ಇಂಥ ಮಕ್ಕಳನ್ನು ಶಾಲೆಗಳೇ ಆದಷ್ಟು ಬೇಗ ಗುರುತಿಸಬೇಕು, ಕಲಿಸುವ ರೀತಿ ಬದಲಿಸಬೇಕು ಅಂತ ಅದರ 16ನೇ ಸೆಕ್ಷನ್ ಹೇಳುತ್ತದೆ. 8 ವರ್ಷ ತುಂಬಿದರೆ ಸರ್ಟಿಫಿಕೇಟ್ ಕೊಡಬಹುದು ಅಂತ 2018ರ ಕೇಂದ್ರದ ಮಾರ್ಗಸೂಚಿಯಲ್ಲೇ ಇತ್ತು. ಎಂಟು ವರ್ಷ ಅಂದರೆ ಮೂರನೇ ಕ್ಲಾಸು!

ಹಾಗಾಗಿ ನನ್ನ ಕೋರಿಕೆ ಇಷ್ಟೆ. ಮೂರನೇ ಕ್ಲಾಸು ಮುಗಿಯುವಷ್ಟರಲ್ಲಿ ಪ್ರಗತಿ ನೋಟದಲ್ಲಿ ಹಿಂದೆ ಉಳಿದ ಪ್ರತಿ ಮಗುವನ್ನೂ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರು (ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ಬಂದು ನೋಡಲಿ. ನಿಧಾನಿಸುವ ಮಕ್ಕಳಿಗೆಲ್ಲ ಹಣೆಪಟ್ಟಿ ಹಚ್ಚಿ ಅಂತಿಲ್ಲ. ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ಆಡುವ ಮಗುವಿಗೆ ಕನ್ನಡವೇ ಹೊಸದಿರಬಹುದು, ಅದನ್ನೂ ನೋಡಬೇಕು. ಆಮೇಲೂ ಅನುಮಾನ ಉಳಿದರೆ, ತಿಂಗಳಿಗೊಂದು ದಿನ ತಾಲ್ಲೂಕು ಆಸ್ಪತ್ರೆಗೇ ಮನಶ್ಶಾಸ್ತ್ರಜ್ಞರನ್ನು ಕಳಿಸಿ. ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗಿ ಅಂದರೆ ಕೂಲಿ ಬಿಟ್ಟು ಎಷ್ಟು ದಿನ ಓಡಾಡುತ್ತಾರೆ?

ನಾವೂ ಸುಮ್ಮನೆ ಕೂರಬೇಕಿಲ್ಲ. ಪ್ರಶ್ನೆಯನ್ನು ಓದಿ ಹೇಳಬಹುದು, ಉತ್ತರವನ್ನು ಬಾಯಲ್ಲಿ ಕೇಳಬಹುದು, ಎಲ್ಲರೆದುರು ನಿಲ್ಲಿಸಿ ಓದಿಸುವುದನ್ನು ಬಿಡಬಹುದು. ಈ ವರ್ಷ ನನ್ನ ಕ್ಲಾಸಿನಲ್ಲಿ ಇಂಥ ಇಬ್ಬರಿದ್ದಾರೆ. ತಟ್ಟೆಯಲ್ಲಿ ರಾಗಿ ಹರಡಿ ಬೆರಳಲ್ಲಿ ಒತ್ತಕ್ಷರ ತಿದ್ದಿಸುತ್ತಿದ್ದೇನೆ. ನೋಡಲು ಬನ್ನಿ ಅಂತ ಆ ಸಂಪನ್ಮೂಲ ಶಿಕ್ಷಕರಿಗೆ ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.

– ಒಬ್ಬ ಶಿಕ್ಷಕಿ, ತಿಪಟೂರು ತಾಲ್ಲೂಕು