ಗೆಳೆಯನಿಗೊಂದು ಪತ್ರ: ಆ ಹನ್ನೆರಡು ಗಂಟೆ

ಗುಂಡ,

ಹೇಗಿದ್ದೀಯ? ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯೋಕೆ ಬಿಡುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಬೇರೆಯವರೂ ಓದುತ್ತಾರೆ ಅಂತ ಗೊತ್ತು. ಓದಲಿ ಬಿಡು. ಮೇಜರ್ ಸಾಹೇಬರಿಗೂ ತೋರಿಸು, ಅವರ ಬೈಕ್ ಇನ್ನೂ ಓಡುತ್ತಿದೆಯಾ ಅಂತ ಕೇಳು.

ಹೋದ ಭಾನುವಾರ ರಾತ್ರಿ ‘ದಿ ಫ್ರಂಟ್ ಲೈನ್’ ನೋಡಿದೆ. 2011ರ ಕೊರಿಯನ್ ಸಿನಿಮಾ, ಜಾಂಗ್ ಹೂನ್ ಮಾಡಿದ್ದು. ಹಾಸ್ಟೆಲಿನಲ್ಲಿ ನಾವು ನೋಡಿದ್ದ ‘ತೇಗುಕ್ಗಿ’ಯ ಹಾಗೆ ಇದೂ ಕೊರಿಯಾ ಯುದ್ಧದ್ದೇ. ಅವತ್ತು ಅತ್ತವರು ಯಾರು, ಈರುಳ್ಳಿ ಹೆಚ್ಚುತ್ತಿದ್ದವರು ಯಾರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಗುಡ್ಡ. ಅದಕ್ಕೆ ಏರೋಕ್ ಅಂತ ಹೆಸರು. ಕೊರಿಯಾ ಅನ್ನುವುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಬರುವ ಹೆಸರು ಅದು. ಇವತ್ತು ಉತ್ತರದವರ ಕೈಯಲ್ಲಿ, ನಾಳೆ ದಕ್ಷಿಣದವರ ಕೈಯಲ್ಲಿ. ಗುಡ್ಡ ಕಳೆದುಕೊಂಡು ಇಳಿಯುವವರು ಅಲ್ಲೇ ಒಂದು ಪೆಟ್ಟಿಗೆ ಹೂತಿಟ್ಟು ಹೋಗುತ್ತಾರೆ. ಅದರಲ್ಲಿ ಹೆಂಡ ಇರುತ್ತದೆ, ದಕ್ಷಿಣದಲ್ಲಿರುವ ಮನೆಯವರಿಗೆ ತಲುಪಿಸಿ ಅಂತ ಉತ್ತರದವರು ಬರೆದ ಕಾಗದ ಇರುತ್ತದೆ. ಹತ್ತಿ ಬಂದವರು ಹೆಂಡ ಕುಡಿಯುತ್ತಾರೆ, ಕಾಗದ ಕಳಿಸುತ್ತಾರೆ. ಆಮೇಲೆ ಅದೇ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ.

ಗುಡ್ಡದ ಹೆಸರು ಸಿನಿಮಾದವರು ಕಟ್ಟಿದ್ದು, ಆದರೆ ಯುದ್ಧ ನಡೆದದ್ದು ಹಾಗೆಯೇ. 1951ರ ಜುಲೈನಲ್ಲೇ ಸಂಧಾನ ಶುರುವಾಗಿತ್ತು. ಎರಡು ವರ್ಷ ಮಾತಾಡುತ್ತಲೇ ಇದ್ದರು, ಗುಡ್ಡಗಳ ಮೇಲೆ ಹುಡುಗರು ಸಾಯುತ್ತಲೇ ಇದ್ದರು. 1952ರ ಅಕ್ಟೋಬರ್‌ನಲ್ಲಿ ಚೋರ್ವೋನ್ ಹತ್ತಿರದ ‘ಬಿಳಿ ಕುದುರೆ ಗುಡ್ಡ’ಕ್ಕೆ ಹತ್ತು ದಿನ ಹೊಡೆದಾಡಿದರು. ಅದೂ ಹೀಗೇ ಮತ್ತೆ ಮತ್ತೆ ಕೈ ಬದಲಾಯಿತು.

ಸಂಧಾನ ಅಷ್ಟು ಎಳೆದದ್ದು ಹೆಚ್ಚಾಗಿ ಯುದ್ಧಕೈದಿಗಳ ವಿಷಯಕ್ಕೆ. ಇಲ್ಲಿ ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು ಬರುತ್ತಾರೆ ನೋಡು. ಊರಿಗೆ ವಾಪಸ್ ಹೋಗಲ್ಲ ಅಂದ ಇಪ್ಪತ್ತೆರಡು ಸಾವಿರಕ್ಕೂ ಜಾಸ್ತಿ ಕೈದಿಗಳನ್ನು ಕದನವಿರಾಮದ ಮೇಲೆ ನೋಡಿಕೊಂಡದ್ದು ನಮ್ಮ ಸೈನಿಕರು. ಆ ಕೈದಿಗಳಿಗಾಗಿ ಮಾಡಿದ್ದ ತಟಸ್ಥ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದವರು ನನ್ನ ನೆಲದ ಮೇಲೆ ಕಾಲಿಡಕೂಡದು ಅಂದುಬಿಟ್ಟ. ನಮ್ಮವರನ್ನು ಹಡಗಿನಿಂದಲೇ ಹೆಲಿಕಾಪ್ಟರಿನಲ್ಲಿ ಎತ್ತಿ ಉತ್ತರ-ದಕ್ಷಿಣದ ನಡುವಿನ ಗಡಿಪಟ್ಟಿಯಲ್ಲಿ ಇಳಿಸಿದರು. ಕೊನೆಗೆ 88 ಜನ ಕೈದಿಗಳು ಆ ಕಡೆಯೂ ಬೇಡ, ಈ ಕಡೆಯೂ ಬೇಡ ಅಂತ ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. 1954ರಲ್ಲಿ. ಹುಟ್ಟಿದ ನೆಲದಲ್ಲಿ ಎರಡು ಕಡೆ ಇದ್ದೂ ಒಂದೂ ಬೇಡ ಅನ್ನಬೇಕಾದರೆ ಅವರು ಏನೇನು ನೋಡಿರಬೇಕು, ಅಲ್ವಾ?

ನಾನು ಹೇಳಬೇಕಾಗಿದ್ದು ಬೇರೆ. 1953ರ ಜುಲೈ 27, ಬೆಳಿಗ್ಗೆ ಹತ್ತು ಗಂಟೆಗೆ ಗಡಿಯ ಪನ್‌ಮುನ್‌ಜೊಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಜಾರಿಗೆ ಬರುವುದು ರಾತ್ರಿ ಹತ್ತಕ್ಕೆ. ಸಿನಿಮಾದಲ್ಲಿ ಹುಡುಗರು ಯುದ್ಧ ಮುಗಿಯಿತು ಅಂತ ಕುಣಿಯುತ್ತಾರೆ. ಹಳ್ಳದ ಹತ್ತಿರ ಶತ್ರುಗಳು ಎದುರಾದರೂ ಯಾರೂ ಗುಂಡು ಹಾರಿಸುವುದಿಲ್ಲ. ಆಮೇಲೆ ಮೇಲಿನಿಂದ ಆಜ್ಞೆ ಬರುತ್ತದೆ. ಇನ್ನೂ ಹನ್ನೆರಡು ಗಂಟೆ ಇದೆ, ಅಷ್ಟರಲ್ಲಿ ಗುಡ್ಡ ಹಿಡಿಯಿರಿ.

ಅಲ್ಲಿಗೆ ನಿಲ್ಲಿಸಿಬಿಟ್ಟೆ ಕಣೋ. ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತೆ.

ನಮ್ಮ ಮನೆ ಪಾಲಾದದ್ದು ನಿನಗೆ ಗೊತ್ತು. ಅವತ್ತು ಏನಾಯಿತು ಅಂತ ನಿನಗೂ ಹೇಳಿಲ್ಲ. ಬೆಳಿಗ್ಗೆ ಹಿರಿಯರ ಮುಂದೆ ಎಲ್ಲಾ ಒಪ್ಪಿ ಆಗಿತ್ತು. ತೋಟ, ಗದ್ದೆ, ಹಿತ್ತಲು, ಯಾವುದಕ್ಕೂ ತಕರಾರಿಲ್ಲ. ಅಣ್ಣ ನನಗೆ ನೀರಾವರಿ ಜಾಗವನ್ನೇ ಬಿಟ್ಟುಕೊಟ್ಟಿದ್ದ. ಮಧ್ಯಾಹ್ನದ ಮೇಲೆ ಪಾರಿಖತ್ತು ರಿಜಿಸ್ಟರ್ ಮಾಡಿಸುವುದು ಅಷ್ಟೇ ಬಾಕಿ. ಊಟಕ್ಕೆ ಮನೆಗೆ ಬಂದೆವು. ಬಚ್ಚಲಲ್ಲಿ ತಾಮ್ರದ ಹಂಡೆ ಕಂಡಿತು. ಅದು ಯಾರ ಪಟ್ಟಿಯಲ್ಲೂ ಇರಲಿಲ್ಲ. ನನಗೆ ಬೇಕು ಅಂದೆ. ಇಲ್ಲೇ ಇರಲಿ ಬಿಡೋ, ದಿನಾ ನೀರು ಕಾಯಿಸುತ್ತೇವಲ್ಲ ಅಂದ. ಮಾತಿಗೆ ಮಾತು ಬೆಳೆಯಿತು. ‘ನೀನು ನನಗೆ ಏನು ಮಾಡಿದ್ದೀಯ?’ ಅಂದುಬಿಟ್ಟೆ.

ಗುಂಡ, ನನ್ನ ಹಾಸ್ಟೆಲ್ ಫೀಸು ಕಟ್ಟಿದ್ದು ಅವನು. ಪಿಯುಸಿ ಅರ್ಧಕ್ಕೆ ಬಿಟ್ಟು ಗದ್ದೆಗೆ ಇಳಿದವನು. ‘ತೇಗುಕ್ಗಿ’ಯಲ್ಲಿ ಅಣ್ಣ ಶೂ ಪಾಲಿಶ್ ಮಾಡಿ ತಮ್ಮನನ್ನು ಓದಿಸುತ್ತಾನಲ್ಲ, ಅದನ್ನು ನಾನು ನೋಡಿದ್ದು ಅವನ ದುಡ್ಡಿನಲ್ಲಿ ಇದ್ದ ರೂಮಿನಲ್ಲಿ.

ಅವನು ತಿರುಗಿ ಏನೂ ಅನ್ನಲಿಲ್ಲ. ಹಂಡೆಯ ನೀರು ಚೆಲ್ಲಿ, ತಾನೇ ಎತ್ತಿ ತಂದು ನನ್ನ ಕಾರಿನಲ್ಲಿ ಇಟ್ಟ. ಆಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ಸಹಿ ಹಾಕಿ ಬಂದೆವು.

ಹಂಡೆ ಈಗ ನನ್ನ ಬಾಲ್ಕನಿಯಲ್ಲಿದೆ. ಫ್ಲ್ಯಾಟಿನಲ್ಲಿ ಒಲೆ ಇಲ್ಲ. ಅಮ್ಮ ಇಬ್ಬರ ಮನೆಯಲ್ಲೂ ಇಲ್ಲ. ಚಿಕ್ಕಮ್ಮನ ಊರಿನಲ್ಲಿದ್ದಾಳೆ.

ಇಷ್ಟೆಲ್ಲಾ ಬರೆಯಬೇಕು ಅಂತ ಕೂತದ್ದಲ್ಲ. ಸುಮ್ನೆ ಒಂದು ಸಿನಿಮಾ ನೋಡು ಅಂತ ಹೇಳೋಣ ಅಂದುಕೊಂಡಿದ್ದೆ. ಸಾಕು ಇದು. ನಿನ್ನ ಮಗಳ ಸೈಕಲ್ ಕಲಿಕೆ ಎಲ್ಲಿಗೆ ಬಂತು? ಮೊಣಕಾಲಿನ ಗಾಯ ವಾಸಿಯಾಯಿತಾ? ಹಬ್ಬಕ್ಕೆ ಊರಿಗೆ ಬರುತ್ತೀಯ ತಾನೇ? ನಾನೂ ಬರುತ್ತೇನೆ. ಕಾರಿನಲ್ಲಿ ಹಂಡೆ ಇರುತ್ತದೆ, ಇಳಿಸುವುದಕ್ಕೆ ಒಂದು ಕೈ ಹಿಡಿ. ಆ ಸಿನಿಮಾದ ಉಳಿದದ್ದನ್ನು ನಿನ್ನ ಮನೆಯಲ್ಲೇ ನೋಡೋಣ.

ಈರುಳ್ಳಿ ನಾನೇ ತರುತ್ತೇನೆ.

ನಿನ್ನ,
ಎರಡನೇ ಮಂಚದವನು