ಆಳಂದ ರಸ್ತೆಯ ನಮ್ಮ ಹೊಲಕ್ಕೆ ಬಂದಿದ್ದ ಹಿರಿಯರಿಗೆ

ಕುಡಿಯಲು ನೀರು ಕೇಳಿಕೊಂಡು ಬಂದಿದ್ದ ಕಾಕಾ, ನಿಮ್ಮ ಹೆಸರು ಗೊತ್ತಿಲ್ಲ. ನಿಮಗೆ ಸಾವಿರ ಶರಣು.

ಹೂವು, ಕಾಯಿ ತುಂಬಿದ್ದ ತೊಗರಿ ನಿಂತಲ್ಲೇ ಒಣಗಿತ್ತು. ನನ್ನ ಕೈಗುಣವೇ ಸರಿಯಿಲ್ಲ, ನಾನು ಹಿಡಿದ ಯಾವ ಕೆಲಸವೂ ಕೈಗೂಡುವುದಿಲ್ಲ ಎಂಬ ಯೋಚನೆ ರಾತ್ರಿಯೆಲ್ಲ ಕೊರೆಯುತ್ತಿತ್ತು. ನೀವು ಸಮಾಧಾನದ ಮಾತಾಡಲಿಲ್ಲ. ಒಂದು ಗಿಡ ಕಿತ್ತು, ಬುಡದ ಸಿಪ್ಪೆ ಸುಲಿದು, ಒಳಗಿನ ಕಪ್ಪು ಗೆರೆಯ ಮೇಲೆ ನನ್ನ ಬೆರಳಿಟ್ಟಿರಿ. "ಇದು ನೆಟೆ ರೋಗ ಅದ ತಂಗಿ. ಹಣೆಬರಾ ಅಲ್ಲ. ಮಣ್ಣಾಗಿನ ಶಿಲೀಂಧ್ರ ಬೇರಿನಿಂದ ಏರಿ ನೀರಿನ ದಾರಿ ಕಟ್ಟತದ."

ಎಷ್ಟು ದೊಡ್ಡ ಮಾತದು! ತಪ್ಪಿತಸ್ಥೆ ಎಂದು ನನ್ನನ್ನೇ ಶಪಿಸಿಕೊಳ್ಳುತ್ತಿದ್ದವಳಿಗೆ ಕಾರಣ ಕಣ್ಣಿಗೆ ಕಂಡಿತು. ಕಾರಣ ಕಂಡರೆ ಮುಂದೇನು ಎಂದು ಕೇಳುವ ಧೈರ್ಯ ಬರುತ್ತದೆ. ಆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಹೊಲದಲ್ಲಿ ಕೆಲವು ವರ್ಷ ತೊಗರಿ ಬೇಡ, ಜೋಳ ಬಿತ್ತಿ ಎಂದಿರಿ. ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರದಿಂದ ಬೀಜೋಪಚಾರ, ರೋಗ ತಡೆಯುವ ತಳಿ ಎಲ್ಲವನ್ನೂ ಬಿಡಿಸಿ ಹೇಳಿದಿರಿ.

2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಕೆಯ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಜಿಐ ಗುರುತು) ಮಾನ್ಯತೆ ಸಿಕ್ಕಿತು. ಅಂಥ ಬೆಳೆ ಕೈಬಿಡಬೇಕೆಂದಿದ್ದ ನಾನು ಇಂದೂ ಬೆಳೆಯುತ್ತಿದ್ದೇನೆ.

ಇದನ್ನು ಓದಿದರೆ ಮನೆಗೆ ಬರ್ರಿ ಕಾಕಾ. ನಮ್ಮ ಹೊಲದ ಬೇಳೆ ಒಯ್ಯಬೇಕು ನೀವು.