ಹಕ್ಕಿ ಬಂದದ್ದು ಸುದ್ದಿ, ಹೋದದ್ದು?

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದ ವಲಸೆ ಹಕ್ಕಿಗಳಾದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿದರೆ ಪತ್ರಿಕೆಗಳಲ್ಲಿ ಫೋಟೊ ಸಮೇತ ಸುದ್ದಿ ಬರುತ್ತದೆ. ಅವು ಯಾವಾಗ ಹೊರಟವು ಎಂಬುದನ್ನು ಯಾರೂ ಬರೆಯುವುದಿಲ್ಲ. ಈ ವಿಷಯದಲ್ಲಿ ಪತ್ರಿಕೆಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ, ಪಕ್ಷಿವೀಕ್ಷಕರೂ ಅದೇ ದಾರಿ ಹಿಡಿದವರು. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ನಡೆಯುತ್ತಿದೆ, ಆದರೆ ಅದು ಜನವರಿಯದ್ದು. ಫೆಬ್ರುವರಿ ಮುಗಿದು ಬಿಸಿಲು ಏರಿತೆಂದರೆ ಬೈನಾಕ್ಯುಲರ್ ಬೀರು ಸೇರುತ್ತದೆ. ಹೀಗಾಗಿ ಮಾರ್ಚ್‌ನಿಂದ ಮೇವರೆಗಿನ ವಾಪಸು ವಲಸೆಯ ಲೆಕ್ಕ ನಮ್ಮಲ್ಲಿ ಬಲು ತೆಳು.

ಬಂದ ದಿನವನ್ನು ಹಿಡಿಯುವುದು ಸುಲಭ. ಹಕ್ಕಿ ಕಂಡಿತು, ಬರೆದುಕೊಂಡರಾಯಿತು. ಹೋದ ದಿನ ಹಾಗೆ ಕೈಗೆ ಸಿಗುವುದಿಲ್ಲ. ಸೂಜಿಬಾಲದ ಬಾತನ್ನು ಮಾರ್ಚ್ 9ಕ್ಕೆ ನೋಡಿ, ಆಮೇಲೆ ಕೆರೆಯ ಕಡೆ ತಲೆಯೇ ಹಾಕದಿದ್ದರೆ, ಮಾರ್ಚ್ 9 ಹಕ್ಕಿ ಹೋದ ದಿನವಲ್ಲ, ನೋಡುವವರು ನಿಲ್ಲಿಸಿದ ದಿನ. ಆದ್ದರಿಂದ ಹಕ್ಕಿ ಕಾಣದ ದಿನದ ಪಟ್ಟಿಯೂ ಬೇಕು. ಫೆಬ್ರುವರಿ ಕೊನೆಯಿಂದ ಮೇ ಮಧ್ಯದವರೆಗೆ ವಾರಕ್ಕೊಮ್ಮೆ, ಏರಿಯ ಮೇಲಿನ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ 15 ನಿಮಿಷ ನಿಂತರೆ ಸಾಕು. ಪಕ್ಷಿವೀಕ್ಷಕರು ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ 'ಹೌದು' ಎನ್ನುವಂತಿರಬೇಕು. ಆಗಷ್ಟೇ ಪಟ್ಟಿಯಲ್ಲಿಲ್ಲದ ಹಕ್ಕಿ ಅಲ್ಲಿರಲಿಲ್ಲ, ಇದ್ದರೂ ಕಣ್ಣಿಗೆ ಬೀಳಲಿಲ್ಲ ಎಂದು ಲೆಕ್ಕ ಹಿಡಿಯಬಹುದು. ಸಂಖ್ಯೆಯ ಜಾಗದಲ್ಲಿ, ಹಕ್ಕಿ ಇತ್ತು ಎಂದಷ್ಟೇ ಹೇಳುವ 'ಎಕ್ಸ್' ಒತ್ತುವ ಸೋಮಾರಿತನವೂ ಬೇಡ. 200 ಇದ್ದದ್ದು 40ಕ್ಕಿಳಿದು, ಬಳಿಕ 3 ಉಳಿದವು ಎಂಬುದರಲ್ಲೇ ಹೊರಡುವ ಕ್ರಮ ಗೊತ್ತಾಗುವುದು. ದೊಡ್ಡ ಗುಂಪಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂದು ನೋಡಿಕೊಂಡು, ಅದೇ ಅಳತೆಯಲ್ಲಿ ಗುಂಪಿನ ಉದ್ದಕ್ಕೂ ಹತ್ತತ್ತಾಗಿ ಎಣಿಸುತ್ತ ಹೋಗಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮಾರ್ಚ್ ಹೊತ್ತಿಗೆ ಎಷ್ಟೋ ಕೆರೆಗಳು ಬತ್ತುತ್ತವೆ. ನೀರಿಲ್ಲದೆ ಪಕ್ಕದ ಕೆರೆಗೆ ಹೋದ ಬಾತನ್ನು ಮಧ್ಯ ಏಷ್ಯಾಕ್ಕೆ ಹೋಯಿತೆಂದು ಬರೆದರೆ ಲೆಕ್ಕ ಕೆಟ್ಟಿತು. ಇದಕ್ಕೆ ಉಪಾಯ ಸರಳ: ತೂಬಿನ ಬಳಿ ನೀರು ಎಷ್ಟನೇ ಮೆಟ್ಟಿಲಿಗಿದೆ ಎಂದು ಪ್ರತಿ ಸಲ ಟಿಪ್ಪಣಿಯಲ್ಲಿ ಬರೆಯುವುದು, ಮತ್ತು ನೀರಿರುವ ಹತ್ತಿರದ ಇನ್ನೊಂದು ಕೆರೆಯನ್ನೂ ಅದೇ ದಿನ ನೋಡುವುದು.

ಹೊತ್ತಿನ ವಿಷಯದಲ್ಲಿ ಹೆಬ್ಬಾತು ಬೇರೆ ಹಕ್ಕಿಗಳಂತಲ್ಲ. ಬೆಳಗ್ಗೆ ಸಂಜೆ ಸುತ್ತಲಿನ ಹೊಲಗಳಲ್ಲಿ ಮೇದು, ಬಿಸಿಲಿಗೆ ಕೆರೆಗೆ ಮರಳುವ ಹಕ್ಕಿ ಅದು. ನಸುಕಿನಲ್ಲಿ ಹೋಗಿ ಖಾಲಿ ನೀರು ನೋಡಿ 'ಹೊರಟುಹೋದವು' ಎಂದು ಬರೆಯುವುದು ಸಾಮಾನ್ಯ ತಪ್ಪು. ಇವನ್ನು ನಡುಹಗಲಲ್ಲೇ ಎಣಿಸಬೇಕು. ಕುತ್ತಿಗೆಯಲ್ಲಿ ಸಂಶೋಧಕರು ಗುರುತಿಗೆ ತೊಡಿಸಿದ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಅದರ ಬಣ್ಣ, ಅಕ್ಷರ, ಅಂಕಿ ಓದುವಂತೆ ಫೋಟೊ ತೆಗೆದು ಮುಂಬೈನ ಬಿಎನ್‌ಎಚ್‌ಎಸ್‌ಗೆ (ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ) ಕಳಿಸಿದರೆ, ಎಲ್ಲಿ ತೊಡಿಸಿದ್ದೆಂದು ಪತ್ತೆಯಾಗುತ್ತದೆ. ಮಂಗೋಲಿಯಾದಲ್ಲಿ ತೊಡಿಸಿದ ಪಟ್ಟಿಗಳು ಕರ್ನಾಟಕದಲ್ಲಿ ಕಂಡಿವೆ.

ಸಣ್ಣ ಹಕ್ಕಿಗಳಲ್ಲಿ ಈ ಕಾಲದ ನಿಜವಾದ ಸೊಗಸು, ಬಾಲ ಕುಣಿಸುತ್ತ ಓಡಾಡುವ ಹಳದಿ ಕುಂಡೆಕುಸ್ಕ. ಚಳಿಗಾಲವಿಡೀ ಮಂಕಾಗಿ, ಯಾವ ಉಪಜಾತಿಯೆಂದು ಹೇಳಲಾಗದಂತಿರುವ ಗಂಡು, ಮಾರ್ಚ್-ಏಪ್ರಿಲ್‌ನಲ್ಲಿ ಗರಿ ಬದಲಿಸಿ ತಲೆಗೆ ಬಣ್ಣ ತಂದುಕೊಳ್ಳುತ್ತದೆ. ತಿಳಿಬೂದು ತಲೆ, ಅಗಲವಾದ ಬಿಳಿ ಹುಬ್ಬು ಇದ್ದರೆ ಒಂದು ಉಪಜಾತಿ. ಕಡುಬೂದು ತಲೆ, ಹುಬ್ಬೇ ಇಲ್ಲದಿದ್ದರೆ ಇನ್ನೊಂದು. ಕೆನ್ನೆಯವರೆಗೂ ಕಪ್ಪಾದರೆ ಮತ್ತೊಂದು. ಮರಿ ಮಾಡುವ ನಾಡು ಒಂದೊಂದಕ್ಕೆ ಬೇರೆ. ತಲೆಯ ಪಕ್ಕನೋಟದ ಒಂದು ಫೋಟೊ ಸಾಕು, ಹಕ್ಕಿ ಯಾವ ಕಡೆಗೆ ಹೊರಟಿದೆ ಎಂದು ಊಹಿಸಬಹುದು. ಬೆನ್ನಿನ ಕಡೆಯಿಂದ ತೆಗೆದ ಹತ್ತು ಫೋಟೊ ಇದ್ದರೂ ಉಪಯೋಗವಿಲ್ಲ.

ಕರಾವಳಿಯಲ್ಲಿ, ಅಘನಾಶಿನಿಯ ಅಳಿವೆಯಂಥ ಕಡೆ, ಏಪ್ರಿಲ್‌ನಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಸಣ್ಣ ವಲಸೆ ಹಕ್ಕಿಯ ಹೊಟ್ಟೆ ಇಟ್ಟಿಗೆ ಕೆಂಪಾಗುತ್ತದೆ. ಅದು ಹೊರಡುವ ಸಿದ್ಧತೆ. ಜೂನ್‌ನಲ್ಲೂ ಬೂದು ಬಣ್ಣದಲ್ಲೇ ಇದ್ದ ಹಕ್ಕಿ ಕಂಡರೆ ಅದನ್ನು 'ಕೊನೆಯ ದಿನ' ಎನ್ನಬೇಡಿ. ಪ್ರಾಯಕ್ಕೆ ಬಾರದ ಕೆಲವು ಆ ವರ್ಷ ಹೋಗುವುದೇ ಇಲ್ಲ, ಮಳೆಗಾಲವನ್ನೂ ಇಲ್ಲೇ ಕಳೆಯುತ್ತವೆ. ಹಾಗಾಗಿ ಗರಿಯ ಬಣ್ಣ ಬರೆಯದ ದಾಖಲೆ ಅರ್ಧ ದಾಖಲೆ.

ಪತ್ರಿಕೆಗಳ ಮೇಲೆ ಒಂದು ತಕರಾರಂತೂ ಇದ್ದೇ ಇದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳಿಗೆ 'ಸೈಬೀರಿಯಾದ ಅತಿಥಿ' ಎಂಬ ತಲೆಬರಹ ಇನ್ನೂ ನಿಂತಿಲ್ಲ. ನಮ್ಮ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುವ ಈ ನೆಲದ ಹಕ್ಕಿಗಳವು. ಚಾತಕದ್ದೂ ಸ್ವಲ್ಪ ಹಾಗೆಯೇ: ಮುಂಗಾರಿನೊಂದಿಗೆ ಆಫ್ರಿಕಾದಿಂದ ಬರುವವು ಇವೆ ನಿಜ, ಆದರೆ ದಕ್ಷಿಣ ಭಾರತದಲ್ಲೇ ನೆಲೆಸಿದವೂ ಇವೆ. ಮೇ ತಿಂಗಳಲ್ಲಿ ಒಂದು ಚಾತಕ ಕಂಡಿತೆಂದು ಮಳೆಯ ದಿನ ಎಣಿಸಬೇಕಿಲ್ಲ.

ಕೊನೆಯದಾಗಿ, ಹೂಳೆತ್ತುವವರಲ್ಲಿ ಒಂದು ವಿನಂತಿ. ಹೂಳೆತ್ತುವುದು ಬೇಡ ಎನ್ನಲಾಗದು, ಕೆರೆಗೂ ಹೊಲಕ್ಕೂ ಅದು ಬೇಕು. ಆದರೆ ಗದ್ದೆಗೊರವದಂಥ ಹಕ್ಕಿಗಳು ದೂರದ ಹಾರಾಟಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವುದು ಇದೇ ಮಾರ್ಚ್-ಏಪ್ರಿಲ್‌ನಲ್ಲಿ, ಅದೂ ಬೆರಳುದ್ದ ನೀರಿನ ಕೆಸರಂಚಿನಲ್ಲಿ ಹುಳು ಹೆಕ್ಕಿ. ಜೆಸಿಬಿ ಕೆಲಸವನ್ನು ನೀರು ಬತ್ತಿ ಒಣಗಿದ ಕಡೆಯಿಂದ ಶುರುಮಾಡಿ, ಒದ್ದೆ ಅಂಚನ್ನು ಏಪ್ರಿಲ್ ಮುಗಿಯುವವರೆಗೆ ಬಿಟ್ಟುಕೊಟ್ಟರೆ ಎರಡೂ ನಡೆಯುತ್ತದೆ. ಗುತ್ತಿಗೆಯ ಷರತ್ತುಗಳಲ್ಲಿ ಇದಕ್ಕೆ ಒಂದು ಸಾಲು ಸೇರುವಂತೆ ಜಿಲ್ಲಾಡಳಿತಗಳು ನೋಡಿಕೊಳ್ಳಲಿ. ಟೆಂಡರ್ ಕರೆಯುವ ಮೊದಲೇ ಸೇರಿಸಲಿ.

– ಪಕ್ಷಿವೀಕ್ಷಕರೊಬ್ಬರು, ಗದಗ